ಶಾಖೆಗಳ ‘ಸರ್ವರ್ ಡೌನ್’: ತಪ್ಪೆಲ್ಲ ಲೈನಿನದೇ ಅಲ್ಲ

ಮಾನ್ಯ ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಒಳನಾಡಿನ ಶಾಖಾ ಕಚೇರಿಗಳಲ್ಲಿ, ಅದರಲ್ಲೂ ಹಣಕಾಸು ಮತ್ತು ಸಹಕಾರಿ ಸಂಸ್ಥೆಗಳ ಶಾಖೆಗಳಲ್ಲಿ, ಬೆಳಗ್ಗೆ ಬಾಗಿಲು ತೆರೆದು ಬಹಳ ಹೊತ್ತಾದರೂ ಕೌಂಟರಿನಲ್ಲಿ ಕೆಲಸ ಆರಂಭವಾಗದೆ, ‘ಸರ್ವರ್ ಡೌನ್’ ಎಂಬ ಒಂದೇ ಉತ್ತರ ಕೇಳಿಕೊಂಡು ಗ್ರಾಹಕರು ಕಾಯುವುದು ಸಾಮಾನ್ಯವಾಗಿದೆ. ಬೆಳೆಸಾಲದ ಕಂತು ಕಟ್ಟಲು ಪೆರ್ಲದ ಒಳಗಿನಿಂದ ಬಸ್ಸು ಹಿಡಿದು ಬಂದ ಕೃಷಿಕನಿಗೆ ಇದರಿಂದ ಅರ್ಧ ದಿನವೇ ಹೋಗುತ್ತದೆ. ದೂರು ಬಂದಾಗಲೆಲ್ಲ ಆಡಳಿತ ಮಂಡಳಿಗಳು ಇಂಟರ್‌ನೆಟ್ ಲೈನಿನ ಕಡೆಗೆ ಬೆರಳು ತೋರಿಸುತ್ತವೆ. ಹಲವು ಶಾಖೆಗಳಿರುವ ಸಂಸ್ಥೆಗಳ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗವಾದ್ದರಿಂದ, ಲೈನು ಸರಿಯಿರುವ ದಿನವೂ ಈ ವಿಳಂಬ ಆಗುವುದನ್ನು ಕಂಡಿದ್ದೇನೆ. ಅದರ ಒಂದು ಮುಖ್ಯ ಕಾರಣ ಸಂಸ್ಥೆಯ ಒಳಗೇ ಇದೆ ಎಂಬುದನ್ನೂ, ಅದನ್ನು ಸರಿಪಡಿಸಲು ಹೊಸ ಯಂತ್ರವನ್ನಾಗಲಿ ಹೊಸ ಲೈನನ್ನಾಗಲಿ ಖರೀದಿಸಬೇಕಾಗಿಲ್ಲ ಎಂಬುದನ್ನೂ ತಮ್ಮ ಪತ್ರಿಕೆಯ ಮೂಲಕ ಸಂಸ್ಥೆಗಳ ಆಡಳಿತಗಾರರಿಗೆ ಮತ್ತು ಸದಸ್ಯರಿಗೆ ತಿಳಿಸಬಯಸುತ್ತೇನೆ.

ಲೆಕ್ಕಪತ್ರದ ತಂತ್ರಾಂಶ ಬೇರೆ, ನೌಕರರು ಕಂಪ್ಯೂಟರಿನೊಳಗೆ ಪ್ರವೇಶಿಸುವ ವ್ಯವಸ್ಥೆ ಬೇರೆ. ವಿಂಡೋಸ್ ಬಳಸುವ ಸಂಸ್ಥೆಗಳಲ್ಲಿ ಈ ಎರಡನೆಯ ಕೆಲಸವನ್ನು ಸಾಮಾನ್ಯವಾಗಿ ಆಕ್ಟಿವ್ ಡೈರೆಕ್ಟರಿ ಮಾಡುತ್ತದೆ. ಯಾರು ನೌಕರರು, ಅವರ ಪಾಸ್‌ವರ್ಡ್ ಯಾವುದು, ಯಾವ ಕಡತ ಯಾರಿಗೆ ತೆರೆಯಬೇಕು ಎಂಬ ದಾಖಲೆಯೆಲ್ಲ ಅದರಲ್ಲಿರುತ್ತದೆ. ಆ ದಾಖಲೆಯ ಪ್ರತಿಯನ್ನು ಇಟ್ಟುಕೊಂಡ ಸರ್ವರನ್ನು ಡೊಮೈನ್ ಕಂಟ್ರೋಲರ್ ಎನ್ನುತ್ತೇವೆ. ಹಿಂದಿನ ವಿಂಡೋಸ್ ಎನ್‌ಟಿ ಕಾಲದಲ್ಲಿ ಒಂದೇ ಒಂದು ಮುಖ್ಯ ಸರ್ವರಿನಲ್ಲಿ ಮಾತ್ರ ಬದಲಾವಣೆ ಮಾಡಬಹುದಾಗಿತ್ತು. 2000ನೇ ಇಸವಿಯಲ್ಲಿ ವಿಂಡೋಸ್ 2000 ಸರ್ವರಿನೊಂದಿಗೆ ಆಕ್ಟಿವ್ ಡೈರೆಕ್ಟರಿ ಬಂದ ಮೇಲೆ, ಯಾವ ಡೊಮೈನ್ ಕಂಟ್ರೋಲರಿನಲ್ಲಿ ಬೇಕಾದರೂ ಬದಲಾವಣೆ ಮಾಡಿ, ಅದನ್ನು ಉಳಿದವುಗಳಿಗೆ ತಲುಪಿಸುವ ಕ್ರಮ ಜಾರಿಗೆ ಬಂತು. ಹೀಗೆ ತಲುಪಿಸುವುದನ್ನೇ ರೆಪ್ಲಿಕೇಶನ್ ಎನ್ನುವುದು. ಕಾಸರಗೋಡು ಪಟ್ಟಣದಲ್ಲಿ ಪ್ರಧಾನ ಕಚೇರಿ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಕಾಞಂಗಾಡುಗಳಲ್ಲಿ ಶಾಖೆಗಳು ಎಂದಿಟ್ಟುಕೊಂಡರೆ, ಇವುಗಳಲ್ಲಿ ಯಾವುದು ಯಾವುದಕ್ಕೆ ಹತ್ತಿರ, ಯಾವ ದಾರಿ ಚೆನ್ನಾಗಿದೆ, ಯಾವುದು ಕಿರಿದು ಎಂಬುದನ್ನು ಈ ವ್ಯವಸ್ಥೆ ತಾನಾಗಿ ಕಂಡುಕೊಳ್ಳುವುದಿಲ್ಲ. ನಾವು ಬರೆದು ತಿಳಿಸಬೇಕು. ಬರೆಯುವುದಕ್ಕೆಂದೇ ಅದರಲ್ಲಿ ಸೈಟ್, ಸಬ್‌ನೆಟ್, ಸೈಟ್ ಲಿಂಕ್ ಎಂಬ ಮೂರು ಅಂಶಗಳಿವೆ. ಸೈಟ್ ಎಂದರೆ ಒಂದು ಸ್ಥಳ, ಸಬ್‌ನೆಟ್ ಎಂದರೆ ಅಲ್ಲಿನ ಕಂಪ್ಯೂಟರುಗಳ ವಿಳಾಸಗಳ ಸಾಲು, ಸೈಟ್ ಲಿಂಕ್ ಎಂದರೆ ಸೈಟುಗಳ ನಡುವಿನ ದಾರಿ. ಬರೆಯದಿದ್ದರೆ ಎಲ್ಲ ಸರ್ವರುಗಳೂ ‘ಡೀಫಾಲ್ಟ್ ಫಸ್ಟ್ ಸೈಟ್ ನೇಮ್’ ಎಂಬ ಹುಟ್ಟುಹೆಸರಿನ ಒಂದೇ ಸೈಟಿನಲ್ಲಿ ಬಿದ್ದಿರುತ್ತವೆ. ಉಪ್ಪಳದ ಸರ್ವರೂ ಕಾಞಂಗಾಡಿನ ಸರ್ವರೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕದಲ್ಲಿವೆ ಎಂದೇ ವ್ಯವಸ್ಥೆ ನಂಬುತ್ತದೆ. ನಾನು ನೋಡಿರುವ ಸಂಸ್ಥೆಗಳಲ್ಲಿ ಹಲವು ವರ್ಷಗಳಿಂದ ಈ ಹುಟ್ಟುಹೆಸರಿನಲ್ಲೇ ನಡೆಯುತ್ತಿರುವವು ಕಡಿಮೆಯೇನಲ್ಲ.

ಇದರ ಪರಿಣಾಮ ಕೌಂಟರಿನ ಮೇಲೆ ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮುಳ್ಳೇರಿಯ ಶಾಖೆಯ ಕಂಪ್ಯೂಟರೊಂದನ್ನು ಬೆಳಗ್ಗೆ ಚಾಲೂ ಮಾಡಿದಾಗ ಅದು ಮೊದಲು ಡಿಎನ್‌ಎಸ್ ಎಂಬ ಹೆಸರು-ವಿಳಾಸಗಳ ಪಟ್ಟಿಯ ಮೂಲಕ ತನ್ನ ಡೊಮೈನಿನ ಸರ್ವರುಗಳು ಯಾವುವು ಎಂದು ಕೇಳಿ, ಸಿಕ್ಕ ಪಟ್ಟಿಯಲ್ಲಿ ಯಾವುದಾದರೊಂದನ್ನು ಸಂಪರ್ಕಿಸುತ್ತದೆ. ಆ ಸರ್ವರು ಕೇಳಿದ ಕಂಪ್ಯೂಟರಿನ ಐಪಿ ವಿಳಾಸವನ್ನು, ಅಂದರೆ ಜಾಲದಲ್ಲಿ ಅದಕ್ಕಿರುವ ಸಂಖ್ಯೆಯನ್ನು, ನೋಡಿ, ಆ ವಿಳಾಸ ಯಾವ ಸಬ್‌ನೆಟ್ಟಿಗೆ ಸೇರಿದೆ, ಆ ಸಬ್‌ನೆಟ್ಟು ಯಾವ ಸೈಟಿಗೆ ಸೇರಿದೆ ಎಂದು ತನ್ನ ದಾಖಲೆಯಲ್ಲಿ ಹುಡುಕಿ, ‘ನೀನು ಇಂಥ ಸೈಟಿನವನು’ ಎಂದು ತಿಳಿಸುತ್ತದೆ. ಕಂಪ್ಯೂಟರು ಆಮೇಲೆ ಆ ಸೈಟಿನ ಸರ್ವರುಗಳನ್ನೇ ಹುಡುಕಿಕೊಂಡು ಹೋಗುತ್ತದೆ, ಮುಂದಿನ ಸಲಕ್ಕೆಂದು ಸೈಟಿನ ಹೆಸರನ್ನು ನೆನಪಿಟ್ಟುಕೊಳ್ಳುತ್ತದೆ. ಮುಳ್ಳೇರಿಯದ ಸಬ್‌ನೆಟ್ಟನ್ನು ಯಾರೂ ದಾಖಲಿಸದೆ ಬಿಟ್ಟಿದ್ದರೆ ಹೇಳಲು ಸರ್ವರಿನ ಬಳಿ ಏನೂ ಇರುವುದಿಲ್ಲ. ಕಂಪ್ಯೂಟರು ಕೈಗೆ ಸಿಕ್ಕ ಸರ್ವರಿನ ಹಿಂದೆ ಹೋಗುತ್ತದೆ. ಪಕ್ಕದ ಕೋಣೆಯಲ್ಲೇ ಸರ್ವರು ಇದ್ದರೂ ಗುಮಾಸ್ತರ ಲಾಗಿನ್ ಕಾಸರಗೋಡಿಗೆ ಹೋಗಿ, ಚಂದ್ರಗಿರಿ ಹೊಳೆ ದಾಟಿ ಕಾಞಂಗಾಡಿನಲ್ಲಿ ನಡೆಯಬಹುದು. ಲಾಗಿನ್ ಎಂದರೆ ಪಾಸ್‌ವರ್ಡ್ ಒಪ್ಪಿಸುವುದು ಮಾತ್ರವಲ್ಲ. ಕಂಪ್ಯೂಟರುಗಳಿಗೆ ಸಂಸ್ಥೆ ವಿಧಿಸಿದ ನಿಯಮಗಳಾದ ಗ್ರೂಪ್ ಪಾಲಿಸಿಯ ಕಡತಗಳು, ಲಾಗಿನ್ ಸ್ಕ್ರಿಪ್ಟುಗಳು ಎಲ್ಲವೂ ಆ ಸರ್ವರಿನ ಸಿಸ್‌ವಾಲ್ ಫೋಲ್ಡರಿನಿಂದ ಇಳಿದು ಬರಬೇಕು. ಶಾಖೆಯ ಅಷ್ಟೂ ಕಂಪ್ಯೂಟರುಗಳು ಹತ್ತು ಗಂಟೆಗೆ ಒಟ್ಟಿಗೇ ಇದನ್ನು ಮಾಡಿದಾಗ ಪರದೆಯ ಮೇಲಿನ ವೃತ್ತ ತಿರುಗುತ್ತಲೇ ಇರುತ್ತದೆ. ಗ್ರಾಹಕನಿಗೆ ಕೇಳಿಸುವ ‘ಸರ್ವರ್ ಡೌನ್’ ಅನೇಕ ಸಲ ಇದು. ಯಾವ ಸರ್ವರೂ ಬಿದ್ದಿರುವುದಿಲ್ಲ.

ಇದನ್ನು ಪತ್ತೆ ಮಾಡುವುದು ಕಷ್ಟವೂ ಅಲ್ಲ. ಪ್ರತಿ ಡೊಮೈನ್ ಕಂಟ್ರೋಲರಿನಲ್ಲೂ ವಿಂಡೋಸ್ ಫೋಲ್ಡರಿನ ಒಳಗೆ ಡೀಬಗ್ ಎಂಬಲ್ಲಿ ನೆಟ್‌ಲಾಗನ್ ಎಂಬ ಲಾಗ್ ಕಡತವಿರುತ್ತದೆ. ಸೈಟ್ ಗೊತ್ತಿಲ್ಲದ ಕಂಪ್ಯೂಟರು ಬಂದಾಗಲೆಲ್ಲ ‘ನೋ ಕ್ಲೈಂಟ್ ಸೈಟ್’ ಎಂಬ ಗುರುತಿನೊಂದಿಗೆ ಆ ಕಂಪ್ಯೂಟರಿನ ಹೆಸರೂ ಐಪಿ ವಿಳಾಸವೂ ಅಲ್ಲಿ ದಾಖಲಾಗುತ್ತವೆ. ವಿಂಡೋಸಿನ ಘಟನೆಗಳ ದಾಖಲೆಯನ್ನು ತೋರಿಸುವ ಈವೆಂಟ್ ವ್ಯೂವರಿನಲ್ಲಿ 5807 ಎಂಬ ಸಂಖ್ಯೆಯ ಎಚ್ಚರಿಕೆಯೂ ಬರುತ್ತದೆ. ವರ್ಷಗಟ್ಟಲೆ ಈ ಸಾಲುಗಳು ಒಂದರ ಕೆಳಗೊಂದು ತುಂಬಿಕೊಂಡಿದ್ದರೂ ಯಾರೂ ತೆರೆದು ನೋಡಿರದ ಕಡತಗಳನ್ನು ಓದುವಾಗ ನಿಜಕ್ಕೂ ನೋವಾಗುತ್ತದೆ, ಏಕೆಂದರೆ ಪರಿಹಾರದ ಅರ್ಧ ಭಾಗ ಆ ಕಡತದಲ್ಲೇ ಬರೆದಿರುತ್ತದೆ. ಅದರಲ್ಲಿರುವ ವಿಳಾಸಗಳನ್ನು ಶಾಖೆವಾರು ವಿಂಗಡಿಸಿ, ಪ್ರತಿಯೊಂದು ಸಬ್‌ನೆಟ್ಟನ್ನೂ ಅದರ ಸೈಟಿಗೆ ಸೇರಿಸಿದರಾಯಿತು. ಸರ್ವರು ಇಲ್ಲದ ಸಣ್ಣ ಶಾಖೆಯನ್ನೂ ಬಿಡಬಾರದು. ಅಂಥ ಶಾಖೆಗೂ ಒಂದು ಸೈಟನ್ನು ಮಾಡಿ ಲಿಂಕ್ ಕೊಟ್ಟರೆ, ಕಡಿಮೆ ವೆಚ್ಚದ (ಈ ವೆಚ್ಚವೇನೆಂದು ಮುಂದೆ ಹೇಳುತ್ತೇನೆ) ದಾರಿಯಲ್ಲಿರುವ ಸೈಟಿನ ಸರ್ವರು ಆ ಶಾಖೆಯ ಹೊಣೆಯನ್ನು ತಾನಾಗಿ ವಹಿಸಿಕೊಳ್ಳುತ್ತದೆ.

ಆದರೆ ಈ ಕೆಲಸಕ್ಕೆ ಮೊದಲು ಶಾಖೆಗಳ ವಿಳಾಸಗಳೇ ನೆಟ್ಟಗಿರಬೇಕು. ನಮ್ಮ ಕಡೆ ಸಿಡಿಲಿಗೆ ಮೋಡೆಮ್ ಸುಟ್ಟುಹೋಗುವುದು ಪ್ರತಿ ಮಳೆಗಾಲದ ಮೊದಲು, ಮತ್ತೆ ತುಲಾ ಮಾಸದ ಗುಡುಗಿನ ದಿನಗಳಲ್ಲಿ, ಇದ್ದದ್ದೇ. ಹೊಸ ಮೋಡೆಮ್ ತಂದು ಕೂರಿಸುವವರು ಅದು ಪೆಟ್ಟಿಗೆಯಿಂದ ಹೊರಬಂದ ಹಾಗೆಯೇ, ಅಂದರೆ 192.168.1ರ ವಿಳಾಸದಲ್ಲೇ ಬಿಟ್ಟು, ನೆಟ್ ಬಂತು ಎಂದು ಹೊರಟುಹೋಗುತ್ತಾರೆ. ಎರಡು ಶಾಖೆಗಳಲ್ಲಿ ಹೀಗಾದರೆ ಎರಡಕ್ಕೂ ಒಂದೇ ವಿಳಾಸ. ಶಾಖೆಗಳನ್ನು ಇಂಟರ್‌ನೆಟ್ ಮೇಲೆ ಜೋಡಿಸುವ ವಿಪಿಎನ್‌ಗೆ ಯಾವ ಕಡೆ ಕಳಿಸಬೇಕೆಂದು ತಿಳಿಯುವುದಿಲ್ಲ, ಸೈಟಿಗೆ ಬರೆದಿಟ್ಟ ಸಬ್‌ನೆಟ್ಟಿಗೂ ಅರ್ಥ ಉಳಿಯುವುದಿಲ್ಲ. ಪ್ರತಿ ಶಾಖೆಗೂ ಬೇರೆ ಬೇರೆಯಾದ ವಿಳಾಸದ ಸಾಲನ್ನು ಗೊತ್ತುಮಾಡಿ, ಬದಿಯಡ್ಕಕ್ಕೆ 10.20.4, ಮುಳ್ಳೇರಿಯಕ್ಕೆ 10.20.5 ಎಂಬಂತೆ, ಅದನ್ನು ರೌಟರಿನ ಪಕ್ಕದ ಗೋಡೆಗೇ ಅಂಟಿಸಿಡಬೇಕು. ದುರಸ್ತಿಗೆ ಬರುವವರಿಗೆ ಓದಲು ಬರುವಂತೆ ಕನ್ನಡದಲ್ಲೂ ಮಲಯಾಳದಲ್ಲೂ.

ಇನ್ನು ಸೈಟ್ ಲಿಂಕಿನ ವಿಚಾರ. ಪ್ರತಿ ಲಿಂಕಿಗೂ ವೆಚ್ಚ ಎಂಬ ಒಂದು ಸಂಖ್ಯೆಯನ್ನು ಕೊಡುತ್ತೇವೆ. ಅದು ರೂಪಾಯಿಯಲ್ಲ, ಕಡಿಮೆ ಸಂಖ್ಯೆಯ ದಾರಿ ಮೊದಲ ಆಯ್ಕೆ ಎಂಬುದಷ್ಟೇ ಅದರ ಅರ್ಥ. ಏನೂ ಬದಲಿಸದಿದ್ದರೆ ಎಲ್ಲಕ್ಕೂ 100. ಗಡಿಭಾಗದ ನಮಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಮಂಗಳೂರಿನಲ್ಲಿ ಪ್ರಧಾನ ಕಚೇರಿ ಇಟ್ಟುಕೊಂಡು ಮಂಜೇಶ್ವರ, ಉಪ್ಪಳಗಳಲ್ಲಿ ಶಾಖೆ ತೆರೆದ ಸಂಸ್ಥೆಗಳೂ, ಕಾಸರಗೋಡಿನಿಂದ ಗಡಿಯಾಚೆ ಶಾಖೆ ತೆರೆದವರೂ ಇದ್ದಾರೆ. ನಕಾಶೆಯಲ್ಲಿ ಮಂಜೇಶ್ವರಕ್ಕೆ ಕಾಞಂಗಾಡಿಗಿಂತ ಮಂಗಳೂರೇ ಹತ್ತಿರ. ಆದರೆ ತಲಪಾಡಿಯ ಈಚೆಗಿನದು ಕೇರಳದ ದೂರಸಂಪರ್ಕ ವೃತ್ತ, ಆಚೆಗಿನದು ಕರ್ನಾಟಕದ್ದು. ರಸ್ತೆಯ ದೂರವನ್ನು ನೋಡಿ ವೆಚ್ಚವನ್ನು ಬರೆಯಲಾಗದು. ಎರಡೂ ತುದಿಯಿಂದ ಪಿಂಗ್ ಮಾಡಿ (ಸಂದೇಶ ಹೋಗಿ ಬರಲು ಎಷ್ಟು ಹೊತ್ತೆಂದು ನೋಡಿ), ಕೆಲಸದ ಹೊತ್ತಿನಲ್ಲಿ ಹೇಗಿದೆ ಎಂದು ಕೆಲವು ದಿನ ಅಳೆದು ನೋಡಿ ಬರೆಯಬೇಕು. ಮುಖ್ಯ ಲೈನು ಹೋದಾಗ 4ಜಿ ಡಾಂಗಲಿನಲ್ಲಿ ನಡೆಯುವ ಶಾಖೆಗಳ ಲಿಂಕಿಗೆ ಹೆಚ್ಚಿನ ಸಂಖ್ಯೆ ಕೊಡುವುದು ಒಳ್ಳೆಯದು. ನಮ್ಮಲ್ಲಿನ ಜಾಲಗಳಲ್ಲಿ ಶಾಖೆಯಿಂದ ಪ್ರಧಾನ ಕಚೇರಿಗೆ ಮಾತ್ರ ದಾರಿಯಿದ್ದು, ಶಾಖೆಯಿಂದ ಶಾಖೆಗೆ ನೇರ ದಾರಿ ಇರುವುದಿಲ್ಲ. ಅಂಥಲ್ಲಿ ಎಲ್ಲ ಸೈಟ್ ಲಿಂಕುಗಳನ್ನೂ ತಾನಾಗಿ ಜೋಡಿಸುವ ಆಯ್ಕೆಯನ್ನು ತೆಗೆದಿಡಬೇಕು. ಇಲ್ಲದಿದ್ದರೆ ಪ್ರಧಾನ ಕಚೇರಿಯ ಸರ್ವರು ನಿಂತಾಗ ಉಪ್ಪಳದ ಸರ್ವರು ಮುಳ್ಳೇರಿಯದ್ದನ್ನು ಇಲ್ಲದ ದಾರಿಯಲ್ಲಿ ಹುಡುಕುತ್ತ ದೋಷಗಳ ಸಾಲನ್ನೇ ಬರೆಯುತ್ತದೆ.

ಹಣಕಾಸು ಸಂಸ್ಥೆಗಳವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ರೆಪ್ಲಿಕೇಶನ್ನಿನ ಅವಧಿಗೆ. ಒಂದೇ ಸೈಟಿನ ಒಳಗೆ ಬದಲಾವಣೆ ಕೆಲವೇ ಸೆಕೆಂಡುಗಳಲ್ಲಿ ಪಕ್ಕದ ಸರ್ವರಿಗೆ ತಿಳಿಯುತ್ತದೆ. ಸೈಟಿನಿಂದ ಸೈಟಿಗೆ ಹಾಗಲ್ಲ, ಅದು ವೇಳಾಪಟ್ಟಿಯಂತೆ ನಡೆಯುತ್ತದೆ, ಮತ್ತು ಆ ವೇಳಾಪಟ್ಟಿಯ ಹುಟ್ಟು ಅವಧಿ 180 ನಿಮಿಷ. ಶಾಖೆಗಳ ಲೈನುಗಳು ಬಹಳ ನಿಧಾನವಾಗಿದ್ದ ಕಾಲಕ್ಕೆ ಆ ಅವಧಿ ಸರಿಹೋಗುತ್ತಿತ್ತು. ಫೈಬರ್ ಬಂದಿರುವ ಶಾಖೆಯಲ್ಲಿ ಅದನ್ನು ಹಾಗೆಯೇ ಬಿಡಲು ಕಾರಣವಿಲ್ಲ. ಹಣದ ದುರುಪಯೋಗದ ಸಂಶಯದ ಮೇಲೆ ನೌಕರರೊಬ್ಬರನ್ನು ಅಮಾನತು ಮಾಡಿ, ಪ್ರಧಾನ ಕಚೇರಿಯಲ್ಲಿ ಬೆಳಗ್ಗೆ ಅವರ ಖಾತೆಯನ್ನು ನಿಷ್ಕ್ರಿಯಗೊಳಿಸಿದರು ಎನ್ನೋಣ. ಪಾಸ್‌ವರ್ಡ್ ಬದಲಾದರೆ ಅದನ್ನು ಪಿಡಿಸಿ ಎಮ್ಯುಲೇಟರ್ ಎಂಬ ಹೊಣೆ ಹೊತ್ತ ಸರ್ವರಿಗೆ ತಕ್ಷಣ ತಿಳಿಸುವ ಪ್ರತ್ಯೇಕ ಏರ್ಪಾಡಿದೆ. ಖಾತೆಯನ್ನು ನಿಷ್ಕ್ರಿಯಗೊಳಿಸಿದ ಸುದ್ದಿ ಮಾತ್ರ ಸಾಮಾನ್ಯ ಬದಲಾವಣೆಗಳ ಜೊತೆ ಸರದಿಯಲ್ಲೇ ಹೋಗುತ್ತದೆ. ಅಷ್ಟರವರೆಗೆ, ಅಂದರೆ ಗರಿಷ್ಠ ಮೂರು ತಾಸು, ಆ ಶಾಖೆಯ ಸರ್ವರು ಅವರನ್ನು ಎಂದಿನಂತೆ ಒಳಗೆ ಬಿಡುತ್ತದೆ. ಅವಧಿಯನ್ನು 15 ನಿಮಿಷದವರೆಗೆ ಇಳಿಸಬಹುದು. ಲೈನು ಚೆನ್ನಾಗಿರುವ ಲಿಂಕಿನಲ್ಲಿ ಬದಲಾವಣೆಯಾದ ಕೂಡಲೇ ಸೂಚನೆ ಹೋಗುವ ಆಯ್ಕೆಯನ್ನೂ ಹಾಕಬಹುದು. ಇಂಥ ಪ್ರಸಂಗಗಳಲ್ಲಿ ಖಾತೆಯನ್ನು ನಿಲ್ಲಿಸಿದ ಮೇಲೆ ಕೈಯಾರೆ ರೆಪ್ಲಿಕೇಶನ್ ನಡೆಸಿ, ಶಾಖೆಯ ಸರ್ವರಿಗೆ ತಲುಪಿದೆ ಎಂದು ನೋಡಿಯೇ ಎದ್ದು ಹೋಗಬೇಕೆಂದು ಲಿಖಿತ ನಿಯಮವಿರಬೇಕು. ಲೆಕ್ಕಪರಿಶೋಧಕರು ನಗದಿನ ಪೆಟ್ಟಿಗೆಯ ಕೀಲಿಕೈ ಯಾರ ಬಳಿ ಇದೆ ಎಂದು ಕೇಳುತ್ತಾರೆ; ನಿಲ್ಲಿಸಿದ ಖಾತೆಯ ಸುದ್ದಿ ಶಾಖೆಯ ಸರ್ವರಿಗೆ ತಲುಪಿತೇ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಪ್ರತಿ ಶಾಖೆಗೂ ಒಂದೊಂದು ಸರ್ವರು ಇಡೋಣ ಎಂಬ ಸಲಹೆ ಸಭೆಗಳಲ್ಲಿ ಬರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಶಾಖೆಗಳ ಸರ್ವರು ಎಲ್ಲಿರುತ್ತದೆ ಎಂಬುದನ್ನು ಒಮ್ಮೆ ಹೋಗಿ ನೋಡಬೇಕು. ಬಾಡಿಗೆ ಕಟ್ಟಡದ ಮಹಡಿಯ ಮೆಟ್ಟಿಲ ಕೆಳಗೆ, ಹಳೆಯ ಲೆಡ್ಜರ್ ಪುಸ್ತಕಗಳ ಗಂಟಿನ ಪಕ್ಕ, ಬೀಗವಿಲ್ಲದ ಕಪಾಟಿನಲ್ಲಿ ಅದು ಇರುತ್ತದೆ. ಯುಪಿಎಸ್ ತೆಗೆಯಲು ಬಂದವರೂ ಎಸಿ ರಿಪೇರಿಗೆ ಬಂದವರೂ ಅದನ್ನು ಮುಟ್ಟಬಹುದು. ಸಾಮಾನ್ಯ ಡೊಮೈನ್ ಕಂಟ್ರೋಲರ್ ಎಂದರೆ ಇಡೀ ಸಂಸ್ಥೆಯ ಎಲ್ಲ ನೌಕರರ ಪಾಸ್‌ವರ್ಡಿನ ದಾಖಲೆ. ಒಂದು ಶಾಖೆಯಿಂದ ಅದು ಕಳವಾದರೆ ಎಲ್ಲ ಶಾಖೆಗಳ ಎಲ್ಲರ ಪಾಸ್‌ವರ್ಡೂ ಹೋಯಿತೆಂದೇ ತಿಳಿಯಬೇಕು. ಇದಕ್ಕಾಗಿಯೇ ವಿಂಡೋಸ್ ಸರ್ವರ್ 2008ರಿಂದ ಓದಲು ಮಾತ್ರ ಬರುವ ಡೊಮೈನ್ ಕಂಟ್ರೋಲರ್ ಬಂದಿದೆ. ಆರ್‌ಒಡಿಸಿ ಎಂದು ನಾವು ಕರೆಯುವುದು ಇದನ್ನೇ. ಅದರಲ್ಲಿ ಮಾಡಿದ ಬದಲಾವಣೆ ಯಾವುದೂ ಹೊರಗೆ ಹರಡುವುದಿಲ್ಲ, ನಾವು ಅನುಮತಿಸಿದವರ ಪಾಸ್‌ವರ್ಡನ್ನು ಮಾತ್ರ ಅದು ಇಟ್ಟುಕೊಳ್ಳುತ್ತದೆ. ಕಳವಾದರೆ ಪ್ರಧಾನ ಕಚೇರಿಯಲ್ಲಿ ಅದರ ಖಾತೆಯನ್ನು ಅಳಿಸಿ, ಅದರಲ್ಲಿದ್ದ ಕೆಲವರ ಪಾಸ್‌ವರ್ಡನ್ನಷ್ಟೇ ಬದಲಿಸಿದರೆ ಸಾಕು. ಆದರೆ ಇಲ್ಲಿಯೂ ಒಂದು ಎಚ್ಚರ ಬೇಕು: ಶಾಖೆಯ ನೌಕರರನ್ನು ಅನುಮತಿಯ ಪಟ್ಟಿಗೆ ಸೇರಿಸುವವರು ಆ ಶಾಖೆಯ ಕಂಪ್ಯೂಟರುಗಳನ್ನು ಸೇರಿಸಲು ಮರೆಯುತ್ತಾರೆ. ಕಂಪ್ಯೂಟರಿಗೂ ತನ್ನದೇ ಖಾತೆ, ತನ್ನದೇ ಪಾಸ್‌ವರ್ಡ್ ಇದೆ. ನೌಕರರದು, ಕಂಪ್ಯೂಟರಿನದು ಎಂಬ ಎರಡರಲ್ಲಿ ಒಂದು ಆರ್‌ಒಡಿಸಿಯಲ್ಲಿ ಇಲ್ಲದಿದ್ದರೂ ಲೈನು ಹೋದ ದಿನ ಅದು ಇದ್ದೂ ಉಪಯೋಗವಿಲ್ಲ. ಮೂರು ನಾಲ್ಕು ಕಂಪ್ಯೂಟರುಗಳಿರುವ, ಲೈನು ಗಟ್ಟಿಯಾಗಿರುವ ಶಾಖೆಗೆ ಸರ್ವರೇ ಬೇಡ. ಅದಕ್ಕೆ ಖರ್ಚು ಮಾಡುವ ಹಣದಲ್ಲಿ ಪ್ರಧಾನ ಕಚೇರಿಯಲ್ಲಿ ಎರಡನೆಯ ಡೊಮೈನ್ ಕಂಟ್ರೋಲರ್ ಇಡುವುದು ಲೇಸು; ಒಂದನ್ನೇ ನಂಬಿ ಸಂಸ್ಥೆ ನಡೆಸುವವರು ಇಂದಿಗೂ ಇದ್ದಾರೆ.

ಮಳೆಗಾಲದ ತೊಂದರೆಗಳು ಇದಕ್ಕೆ ಸೇರಿಕೊಳ್ಳುತ್ತವೆ. ಮರ ಬಿದ್ದು, ಹೆದ್ದಾರಿಯ ಕೆಲಸದಲ್ಲಿ ಜೆಸಿಬಿಗೆ ಸಿಕ್ಕಿ ಕೇಬಲ್ ತುಂಡಾದಾಗ, ಶಾಖೆಯಲ್ಲಿ ಹಳೆಯ ಗುಮಾಸ್ತರಿಗೆ ಲಾಗಿನ್ ಆಗುತ್ತದೆ, ಮೊನ್ನೆಯಷ್ಟೇ ವರ್ಗವಾಗಿ ಬಂದವರಿಗೆ ಆಗುವುದಿಲ್ಲ. ಇದರಲ್ಲಿ ನಿಗೂಢವೇನೂ ಇಲ್ಲ. ವಿಂಡೋಸ್ ಒಂದು ಕಂಪ್ಯೂಟರಿನಲ್ಲಿ ಈ ಹಿಂದೆ ಪ್ರವೇಶಿಸಿದ ಹತ್ತು ಮಂದಿಯ ಗುರುತನ್ನು ಮಾಮೂಲಾಗಿ ನೆನಪಿಟ್ಟುಕೊಳ್ಳುತ್ತದೆ, ಹೊಸಬರದು ಅದರಲ್ಲಿ ಇರುವುದಿಲ್ಲ. ವರ್ಗಾವಣೆಯಾಗಿ ಬಂದವರು ಲೈನಿರುವ ದಿನವೇ ತಾವು ಕೂರುವ ಕಂಪ್ಯೂಟರಿನಲ್ಲಿ ಒಮ್ಮೆ ಲಾಗಿನ್ ಮಾಡಿಡಬೇಕು. ಕರೆಂಟು ಹೋಗಿ ಬಂದು ಗಡಿಯಾರ ತಪ್ಪಿದ ಕಂಪ್ಯೂಟರಿನದು ಇನ್ನೊಂದು ಕಥೆ. ಸರ್ವರಿಗೂ ಅದಕ್ಕೂ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಗುರುತು ಪರೀಕ್ಷಿಸುವ ಕರ್ಬೆರೋಸ್ ಎಂಬ ವ್ಯವಸ್ಥೆ ಒಪ್ಪುವುದಿಲ್ಲ, ಪಾಸ್‌ವರ್ಡ್ ಸರಿಯಿದ್ದರೂ ಪ್ರವೇಶವಿಲ್ಲ. ಹಳೆಯ ಕಂಪ್ಯೂಟರುಗಳ ಮದರ್‌ಬೋರ್ಡಿನ ಸಣ್ಣ ಬ್ಯಾಟರಿಯನ್ನು ಮೇ ತಿಂಗಳಲ್ಲೇ ಬದಲಿಸುವುದರಿಂದ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಕಟ್ಟಡ ದುರಸ್ತಿಗೆಂದೋ ಸ್ಥಳಾಂತರಕ್ಕೆಂದೋ ಶಾಖೆಯ ಸರ್ವರನ್ನು ಆರಿಸಿ ಮೂಲೆಯಲ್ಲಿಟ್ಟು, ಬಹುಕಾಲದ ಮೇಲೆ ಮತ್ತೆ ಜಾಲಕ್ಕೆ ಜೋಡಿಸುವುದು ಇವೆಲ್ಲಕ್ಕಿಂತ ಅಪಾಯಕರ. ಅಳಿಸಿದ ಖಾತೆಯ ಗುರುತನ್ನು ಆಕ್ಟಿವ್ ಡೈರೆಕ್ಟರಿ ಒಂದು ಅವಧಿಯವರೆಗೆ ಮಾತ್ರ ಉಳಿಸಿಕೊಳ್ಳುತ್ತದೆ. ಹೊಸ ವ್ಯವಸ್ಥೆಗಳಲ್ಲಿ ಅದು 180 ದಿನ. ವಿಂಡೋಸ್ ಸರ್ವರ್ 2003ರ ಮೊದಲ ಸರ್ವಿಸ್ ಪ್ಯಾಕಿಗೆ ಹಿಂದೆ ಕಟ್ಟಿದ್ದರಲ್ಲಿ, ಯಾರೂ ಬದಲಿಸದಿದ್ದರೆ, 60 ದಿನ. ಅದನ್ನು ಮೀರಿ ಮಲಗಿದ್ದ ಸರ್ವರಿಗೆ ನಡುವೆ ಯಾರನ್ನು ಅಳಿಸಲಾಯಿತು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ನಿವೃತ್ತರಾದವರ, ಕೆಲಸ ಬಿಟ್ಟವರ ಖಾತೆಗಳು ಅದರಲ್ಲಿ ಜೀವಂತವಾಗಿಯೇ ಇರುತ್ತವೆ. ಅಂಥ ಸರ್ವರನ್ನು ಜೋಡಿಸದೆ, ಅದರ ದಾಖಲೆಯನ್ನು ಪ್ರಧಾನ ಕಚೇರಿಯಲ್ಲಿ ತೆಗೆದುಹಾಕಿ ಹೊಸದಾಗಿ ಕಟ್ಟುವುದೇ ಸರಿ. ಹೊಸದಾಗಿ ಕಟ್ಟುವಾಗ ಇಡೀ ದಾಖಲೆಯನ್ನು ಲೈನಿನ ಮೇಲೆ ಎಳೆಯಬೇಕಾಗಿಲ್ಲ. ಪ್ರಧಾನ ಕಚೇರಿಯಲ್ಲಿ ಪ್ರತಿ ಮಾಡಿ ಡಿಸ್ಕಿನಲ್ಲಿ ಒಯ್ಯುವ ಅನುಕೂಲ ವಿಂಡೋಸ್ ಸರ್ವರ್ 2003ರಿಂದಲೇ ಇದೆ. ವಿಂಡೋಸ್ ಸರ್ವರ್ 2012ಕ್ಕೂ ಅದರ ಆರ್2 ಆವೃತ್ತಿಗೂ ಮೈಕ್ರೋಸಾಫ್ಟ್ ಕಂಪನಿಯ ವಿಸ್ತರಿತ ಬೆಂಬಲವೂ 2023ರ ಅಕ್ಟೋಬರ್ 10ಕ್ಕೆ ಮುಗಿದಿರುವುದರಿಂದ, ಇಂದಿಗೂ ಅವುಗಳಲ್ಲೇ ನಡೆಯುತ್ತಿರುವ ಶಾಖೆಗಳು ಹೇಗೂ ಹೊಸದಕ್ಕೆ ಹೋಗಬೇಕು. ಸೈಟುಗಳನ್ನು ಸರಿಪಡಿಸಲು ಅದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಸಿಗದು.

ಈ ಯಾವ ಕೆಲಸವೂ ನಮ್ಮ ಜಿಲ್ಲೆಯ ತಂತ್ರಜ್ಞರಿಗೆ ಮೀರಿದ್ದಲ್ಲ. ಇಲ್ಲಿನ ತರುಣರು ಕಲಿತು ಹೊರಗೆ ಹೋಗಿ ದೊಡ್ಡ ದೊಡ್ಡ ಜಾಲಗಳನ್ನು ನಡೆಸುತ್ತಿದ್ದಾರೆ. ಕೊರತೆ ಇರುವುದು ಬೇರೆ ಕಡೆ: ಜಾಲ ಕಟ್ಟಿದ ಗುತ್ತಿಗೆದಾರರು ಎಲ್ಲವನ್ನೂ ತಮ್ಮ ತಲೆಯಲ್ಲಿಟ್ಟುಕೊಂಡು ಹೋಗುತ್ತಾರೆ, ಬರೆದು ಕೊಡಿ ಎಂದು ಕೇಳುವ ಅಭ್ಯಾಸ ಆಡಳಿತ ಮಂಡಳಿಗಳಿಗೆ ಇಲ್ಲ. ಆದ್ದರಿಂದ ಸಂಸ್ಥೆಗಳ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಮಹಾಸಭೆಯಲ್ಲಿ ಸರ್ವರಿಗೂ ಲೈನಿಗೂ ಮಾಡಿದ ಖರ್ಚಿನ ಬಾಬತ್ತು ಬಂದಾಗ, ಪ್ರತಿ ಶಾಖೆಯ ವಿಳಾಸದ ಸಾಲು ಯಾವುದು, ಅದನ್ನು ಯಾವ ಸೈಟಿಗೆ ಸೇರಿಸಲಾಗಿದೆ, ರೆಪ್ಲಿಕೇಶನ್ನಿನ ಅವಧಿ ಎಷ್ಟು ಎಂಬುದನ್ನು ಒಂದು ಪುಟದಲ್ಲಿ ಬರೆದು ಕಚೇರಿಯಲ್ಲಿ ಇಟ್ಟಿದ್ದೀರಾ ಎಂದು ಕೇಳಿ. ರೆಪ್‌ಅಡ್ಮಿನ್ ಎಂಬ ಉಪಕರಣ ಎಲ್ಲ ಡೊಮೈನ್ ಕಂಟ್ರೋಲರುಗಳಲ್ಲೂ ಇದ್ದು, ಯಾವ ಸರ್ವರಿಗೆ ಕೊನೆಯ ಬದಲಾವಣೆ ತಲುಪಿ ಎಷ್ಟು ಹೊತ್ತಾಯಿತು, ಎಷ್ಟು ಪ್ರಯತ್ನ ವಿಫಲವಾಯಿತು ಎಂಬ ಸಾರಾಂಶವನ್ನು ಕೊಡುತ್ತದೆ. ಅದನ್ನು ತಿಂಗಳಿಗೊಮ್ಮೆ ಮುದ್ರಿಸಿ ಕಾರ್ಯದರ್ಶಿಗಳ ಸಹಿಯೊಂದಿಗೆ ಕಡತಕ್ಕೆ ಸೇರಿಸುವಂತೆ ನಿರ್ಣಯ ಮಾಡಿಸಿ. ಜೂನ್ ಮಳೆಗೆ ಮೊದಲಿನ ತಿಂಗಳಿನ ಹಾಳೆಯಲ್ಲಿ ವಿಫಲ ಎಂಬ ಕಾಲಮಿನಲ್ಲಿ ಸೊನ್ನೆ ಇಲ್ಲದ ಶಾಖೆಗೆ ಆ ವಾರವೇ ತಂತ್ರಜ್ಞರನ್ನು ಕಳಿಸಲಿ.

ತಮ್ಮ ವಿಶ್ವಾಸಿ,
ಶಾಖಾ ಕಚೇರಿಗಳ ಜಾಲ ನಿರ್ವಾಹಕ, ಬದಿಯಡ್ಕ